ಅಕಸ್ಮಾತ್ ಎಂಬ ಮೊದಲ ಬರಹ

ಪುಣೆಯ ಅಂಚಿನ ವಾಕಡವು ಮುಂಬಯಿ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿ, ಮುಳಾ ನದಿಯ ದಂಡೆಯವರೆಗೆ ಹಬ್ಬಿರುವ ಊರು; ಹಿಂಜವಡಿಯ ಕಚೇರಿಗಳಿಗೆ ಹೋಗಿಬರುವ ಕನ್ನಡಿಗರೂ ಅಲ್ಲಿ ಬೀಡುಬಿಟ್ಟಿದ್ದಾರೆ. ಆ ನದಿಯಲ್ಲಿ ಒಂದು ಮುಂಜಾನೆ ಯಾರದೋ ಶವ ತೇಲಿತೆಂದು ಭಾವಿಸೋಣ. ಮೈಮೇಲೆ ಹಲ್ಲೆಯ ಗುರುತು ಕಾಣದಿದ್ದಲ್ಲಿ, ಠಾಣೆಯವರು ಮೊದಲು ಬರೆದುಕೊಳ್ಳುವುದು ಕೊಲೆಯೆಂದೂ ಅಲ್ಲ, ಆತ್ಮಹತ್ಯೆಯೆಂದೂ ಅಲ್ಲ. ಮರಾಠಿಯಲ್ಲಿ ‘ಅಕಸ್ಮಾತ್ ಮೃತ್ಯು’ ಎಂದು. ನಮ್ಮ ಠಾಣೆಗಳ ಮಾತಿನಲ್ಲಿ ಇದೇ ‘ಯುಡಿಆರ್’, ಅಂದರೆ ಅಸ್ವಾಭಾವಿಕ ಮರಣದ ವರದಿ.

ಆಕಸ್ಮಿಕವೆಂದೊಡನೆ ನಮ್ಮ ಕಿವಿಗೆ ಅಪಘಾತವೆಂದೇ ಕೇಳಿಸುವುದರಿಂದ, ಇನ್ನೂ ವಿಚಾರಣೆಯೇ ತೊಡಗದಿರುವಾಗ ತೀರ್ಪು ಆಗಿಹೋಯಿತೆಂದು ಮನೆಯವರು ಕಳವಳಿಸುವುದು ಸಹಜ. ಆದರೆ ಸಂಸ್ಕೃತದಲ್ಲಿ ‘ಕಸ್ಮಾತ್’ ಎಂದರೆ ‘ಯಾವುದರಿಂದ’. ‘ಅಕಸ್ಮಾತ್’ ಎಂಬುದು ಇಂಥದರಿಂದ ಎಂದು ಹೇಳಲಾಗದುದು. ಆ ಹೆಸರಿಟ್ಟ ಗುಮಾಸ್ತನಾರೋ, ವ್ಯಾಕರಣ ಬಲ್ಲವನೇ ಇದ್ದಿರಬೇಕು.

ಇಂಥ ವಿಚಾರಣೆಗೆ ಆಧಾರವಾಗಿದ್ದುದು ದಂಡಪ್ರಕ್ರಿಯಾ ಸಂಹಿತೆಯ 174ನೆಯ ಕಲಮು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯದು. ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಮರ್ಯಾದಸ್ಥರ ಸಮಕ್ಷಮದಲ್ಲಿ, ನಾವು ಮಹಜರೆನ್ನುವ, ಅಲ್ಲಿನವರು ಪಂಚನಾಮೆಯೆನ್ನುವ ಬರಹ ಸಿದ್ಧವಾಗಬೇಕು. ಅದರಲ್ಲಿ ಇರಬೇಕಾದುದು ಮರಣದ ‘ತೋರಿಕೆಯ ಕಾರಣ’ವೇ ಹೊರತು ಕಡೆಯ ಮಾತಲ್ಲ. ಚಪ್ಪಲಿಗಳೆರಡೂ ದಂಡೆಯ ಮೇಲೆ ಜೋಡಿಸಿಟ್ಟಿವೆಯೋ, ಒಂದು ಕೆಸರಿನಲ್ಲಿ ಹೂತು ಇನ್ನೊಂದು ಕಾಲಲ್ಲೇ ಉಳಿದಿದೆಯೋ, ಅಂಗಿಯ ಗುಂಡಿ ಕಿತ್ತಿದೆಯೋ, ಕೈಗಡಿಯಾರ ಇದೆಯೋ ಇಲ್ಲವೋ ಎಂಬುದೆಲ್ಲ ಅಲ್ಲಿ ನಮೂದಾಗುವುದು. ಮದುವೆಯಾಗಿ ಏಳು ವರ್ಷದೊಳಗಿನ ಹೆಣ್ಣು ಆತ್ಮಹತ್ಯೆ ಮಾಡಿಕೊಂಡಳೆಂದಾಗಲಿ, ಸಂಶಯಾಸ್ಪದವಾಗಿ ಸತ್ತಳೆಂದಾಗಲಿ ಕಂಡರೆ ಶವವನ್ನು ವೈದ್ಯರ ಬಳಿಗೆ ಕಳುಹಲೇಬೇಕು. ಹಿಂದೆ ಮುಂಬಯಿಯಲ್ಲಿ ಇಂಥ ಸಾವುಗಳ ವಿಚಾರಣೆಗೆಂದೇ 1871ರ ಕಾಯಿದೆಯ ಮೇರೆಗೆ ಕರೊನರನೆಂಬ ಅಧಿಕಾರಿಯಿದ್ದ. 1999ರಲ್ಲಿ ಆ ಪದವಿ ಅಳಿಯಿತು.

ಮರಣದ ಕಾರಣ ಬೇರೆ, ಮರಣದ ಬಗೆ ಬೇರೆ. ನೀರಿನಲ್ಲಿ ಮುಳುಗಿ ಉಸಿರು ಕಟ್ಟಿತೆಂದು ಶವಪರೀಕ್ಷೆಯ ವೈದ್ಯನು ಶ್ವಾಸಕೋಶವನ್ನು ನೋಡಿ ಹೇಳಬಲ್ಲ. ಕಾಲು ಜಾರಿತೋ, ತಾನಾಗಿ ಇಳಿದನೋ, ಬೆನ್ನ ಹಿಂದೆ ಯಾರದಾದರೂ ಕೈ ಇತ್ತೋ ಎಂಬುದನ್ನು ಶ್ವಾಸಕೋಶವು ನುಡಿಯದು, ಜೋಡಿಸಿಟ್ಟ ಚಪ್ಪಲಿಗಳು ಕೊಂಚ ನುಡಿದಾವು. ವಿಷದ ಗುಮಾನಿಯಿದ್ದರೆ ಜಠರ, ಯಕೃತ್ತು ಮೊದಲಾದವು ಉಪ್ಪಿನ ದ್ರಾವಣದ ಜಾಡಿಗಳಲ್ಲಿ ರಸಾಯನಶಾಲೆಗೆ ಹೋಗಿ ಸರದಿಗೆ ಕಾದಿರುವುವು.

ಆಸ್ಪತ್ರೆಯಲ್ಲಿ ತೀರಿಕೊಂಡವರಿಗಾದರೆ ಮರಣದ ಕಾರಣವನ್ನು ದೃಢೀಕರಿಸಲು ವೈದ್ಯರು ತುಂಬುವ 4ನೆಯ ನಮೂನೆಯಲ್ಲಿ ಸ್ವಾಭಾವಿಕ, ಅಪಘಾತ, ಆತ್ಮಹತ್ಯೆ, ನರಹತ್ಯೆ ಎಂಬ ನಾಲ್ಕರ ತರುವಾಯ ‘ತನಿಖೆ ಬಾಕಿ’ ಎಂಬ ಐದನೆಯದೊಂದು ಬಗೆಯಿದೆ. ಐದರಲ್ಲಿ ಅತ್ಯಂತ ಪ್ರಾಮಾಣಿಕವಾದುದು ಅದೇ ಎಂದು ನನಗನ್ನಿಸುತ್ತದೆ.

ಕೊನೆಗೆ ನಗರಪಾಲಿಕೆಯ ಮರಣಪತ್ರ ಮನೆಯವರ ಕೈಸೇರುವಾಗ, 1969ರ ಜನನ ಮರಣ ನೋಂದಣಿ ಕಾಯಿದೆಯ 17ನೆಯ ಕಲಮು ಅದರಲ್ಲಿ ಕಾರಣವನ್ನು ಕಾಣಿಸಗೊಡದಾದ್ದರಿಂದ, ಹೆಸರು, ದಿನ, ಊರು ಇವಿಷ್ಟೆ ಮುಖ್ಯವಾಗಿ ಉಳಿದಿರುವುವು.