ಗಿಯರು ಬದಲಿಸುವುದರಲ್ಲಿ ಆತುರವೂ ಚಾತುರ್ಯವೂ

ಮೋಟಾರು ಗಾಡಿಯನ್ನು ನಡೆಸಬಲ್ಲವರು ಈಗ ಎಷ್ಟೋ ಮನೆಗಳಲ್ಲಿರುವರು. ಆದರೆ ಎಡಗೈಯ ಕೆಳಗಿನ ಗಿಯರಿನ ಹಿಡಿಯನ್ನು ಸರಿಸಿದಾಗ ಗಾಡಿಯ ಒಡಲಿನಲ್ಲಿ ಏನು ನಡೆಯುವುದೆಂದು ವಿಚಾರಿಸಿದವರು ವಿರಳ. ವಿಚಾರಿಸದಿದ್ದರೂ ಗಾಡಿಯು ಓಡುವುದು ದಿಟ. ಆದರೆ ಪಂದ್ಯದ ಗಾಡಿಗಳನ್ನು ಕಂಡ ಹುರುಪಿನಲ್ಲಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಗಿಯರು ಬದಲಿಸುವ ಅಭ್ಯಾಸವನ್ನು ಅನೇಕ ತರುಣರು ಮಾಡಿಕೊಳ್ಳುವರು. ಈ ವೇಗಕ್ಕೆ ಬೆಲೆ ತೆರತಕ್ಕವರು ಯಾರು? ಮೊದಲು ಯಂತ್ರ, ಆಮೇಲೆ ಯಜಮಾನನ ಹಣದ ಚೀಲ. ಕೆಲವು ವೇಳೆ ಗಾಡಿಯೊಳಗೆ ಕುಳಿತವರ ಪ್ರಾಣ. ಆದುದರಿಂದ ಈ ವಿಷಯವನ್ನು ಗೃಹಸ್ಥರು ತುಸು ತಿಳಿದಿರುವುದು ಲೇಸು.

ಇಂಜಿನಿಗೂ ಚಕ್ರಗಳಿಗೂ ನಡುವೆ ಹಲವು ಜೊತೆ ಹಲ್ಲುಚಕ್ರಗಳಿರುವುವು. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಎರಡನೆಯ ಗಿಯರಿನಲ್ಲಿ ಇಂಜಿನು ೨ ಸುತ್ತು ತಿರುಗಿದರೆ ಚಕ್ರಗಳ ಕಡೆಯ ದಂಡವು ೧ ಸುತ್ತು ತಿರುಗುವುದೆಂದೂ, ಮೂರನೆಯದರಲ್ಲಿ ಇಂಜಿನಿನ ೧.೪ ಸುತ್ತಿಗೇ ದಂಡದ ೧ ಸುತ್ತು ಆಗುವುದೆಂದೂ ಎಣಿಸೋಣ. ಎರಡನೆಯ ಗಿಯರಿನಲ್ಲಿ ಇಂಜಿನು ನಿಮಿಷಕ್ಕೆ ೪,೦೦೦ ಸುತ್ತು ತಿರುಗುತ್ತಿರುವಾಗ ಮೂರನೆಯದಕ್ಕೆ ಏರಿದರೆ, ಅದೇ ಓಟಕ್ಕೆ ಇಂಜಿನು ೨,೮೦೦ ಸುತ್ತಿಗೆ ಇಳಿಯಬೇಕು. ಕೆಳಗಿನ ಗಿಯರಿಗೆ ಇಳಿದರೆ ಇಂಜಿನು ಹೀಗೆಯೇ ಮೇಲೇರಬೇಕು. ಗಿಯರು ಬದಲಿಸುವುದೆಂದರೆ ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಅಂಗಗಳನ್ನು ಒಂದೇ ವೇಗಕ್ಕೆ ತಂದು ಕೂಡಿಸುವುದು. ಈ ವ್ಯತ್ಯಾಸವನ್ನು ಯಾರಾದರೊಬ್ಬರು ತೀರಿಸಲೇಬೇಕು. ಚಾಲಕನು ತೀರಿಸದಿದ್ದರೆ ಲೋಹವು ತೀರಿಸುವುದು.

ಹಿಂದಣ ಕಾಲದಲ್ಲಿ ಈ ಕೆಲಸವೆಲ್ಲವೂ ಚಾಲಕನದೇ ಆಗಿದ್ದಿತು. ಅವನು ಕ್ಲಚ್ಚನ್ನು ತುಳಿದು ಹಿಡಿಯನ್ನು ನಡುವಿನ ಸ್ಥಾನಕ್ಕೆ ತಂದು, ಕ್ಲಚ್ಚನ್ನು ಬಿಟ್ಟು, ಇಂಜಿನಿನ ವೇಗವನ್ನು ಸರಿಪಡಿಸಿ, ಮತ್ತೊಮ್ಮೆ ತುಳಿದು ಗಿಯರನ್ನು ಹಾಕಬೇಕಾಗಿದ್ದಿತು. ಇದಕ್ಕೆ ಇಮ್ಮಡಿ ಕ್ಲಚ್ಚಿನ ಕ್ರಮವೆಂದು ಹೆಸರು. ಅಮೆರಿಕದ ಅರ್ಲ್ ಥಾಮ್ಸನ್ ಎಂಬಾತನು ಕಲ್ಪಿಸಿದ ಹೊಸ ಏರ್ಪಾಡನ್ನು ಕ್ಯಾಡಿಲಾಕ್ ಕಂಪೆನಿಯವರು ೧೯೨೮ರಲ್ಲಿ ತಮ್ಮ ಗಾಡಿಗಳಲ್ಲಿ ಅಳವಡಿಸಿದರು. ಅದೇ ಸಿಂಕ್ರೊಮೆಷ್. ಇಂದಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಹಿತ್ತಾಳೆಯ ಬಳೆಯೊಂದು ಹಲ್ಲುಚಕ್ರದ ಓರೆಯಾದ ಮೈಗೆ ಉಜ್ಜಿ, ಎರಡರ ವೇಗವನ್ನೂ ಸಮಮಾಡುವುದು. ವೇಗವು ಸಮವಾಗುವ ತನಕ ಹಲ್ಲುಗಳು ಕೂಡದಂತೆ ತಡೆಯುವುದೂ ಆ ಬಳೆಯೇ. ಕ್ಲಚ್ಚನ್ನು ಪೂರ್ತಿಯಾಗಿ ತುಳಿದಿದ್ದರೆ ಬಳೆಗೆ ಕ್ಲಚ್ಚಿನ ತಟ್ಟೆ ಮತ್ತು ಒಳಗಣ ದಂಡಗಳ ಭಾರ ಮಾತ್ರ ಇರುವುದು. ಅರ್ಧ ತುಳಿದರೆ ಇಂಜಿನಿನೊಡನೆಯೇ ಹೋರಾಡಬೇಕಾಗುವುದು. ಅಂಗೈಯಗಲದ ಬಳೆಗೆ ಅದು ಮೀರಿದ ಕೆಲಸ.

ಈಗ ಶೀಘ್ರವಾಗಿ ಗಿಯರು ಬದಲಿಸುವ ಕ್ರಮಗಳನ್ನು ಪರಿಶೀಲಿಸೋಣ.

ಮೊದಲನೆಯದು ತೋಳಬಲದ ಕ್ರಮ. ಬಳೆಯು ತನ್ನ ಕೆಲಸವನ್ನು ಮುಗಿಸುವ ಮುನ್ನವೇ ಹಿಡಿಯನ್ನು ಬಲವಾಗಿ ನೂಕುವುದು. ಎಣ್ಣೆಯ ಪೊರೆಯನ್ನು ಕತ್ತರಿಸುವುದಕ್ಕಾಗಿ ಬಳೆಯ ಒಳಮೈಯಲ್ಲಿ ಕೊರೆದಿರುವ ಸಣ್ಣ ಗೆರೆಗಳು ಇದರಿಂದ ಸವೆದು ನುಣುಪಾಗುವುವು. ಆ ಬಳಿಕ ಬಳೆಯು ಹಿಡಿಯದೆ ಜಾರುವುದು. ಗಿಯರು ಹಾಕುವಾಗಲೆಲ್ಲ ಕರಕರನೆ ಸದ್ದು ಕೇಳುವುದು. ಬಳೆಯ ಬೆಲೆ ಅಲ್ಪವೇ ಇರಬಹುದು. ಆದರೆ ಅದನ್ನು ಬದಲಿಸಲು ಇಡೀ ಗಿಯರುಪೆಟ್ಟಿಗೆಯನ್ನು ಇಳಿಸಿ ಬಿಚ್ಚಬೇಕು.

ಎರಡನೆಯದು ಪಂದ್ಯದವರ ಕ್ರಮ. ವೇಗದ ತುಳಿಗೆಯಿಂದ ಕಾಲನ್ನು ತೆಗೆಯದೆಯೇ ಕ್ಲಚ್ಚನ್ನು ಒತ್ತಿ ಗಿಯರು ಏರಿಸುವುದು. ಭಾರ ತಪ್ಪಿದ ಇಂಜಿನು ಆ ಕ್ಷಣದಲ್ಲಿ ಆರ್ಭಟಿಸಿ ಏರುವುದು. ಕ್ಲಚ್ಚನ್ನು ಬಿಟ್ಟೊಡನೆ ಅದರ ತಟ್ಟೆಯು ಜಾರಿ ಕಾಯುವುದು. ಆ ಪೆಟ್ಟು ಹಲ್ಲುಗಳಿಗೂ ದಂಡಗಳ ಕೀಲುಗಳಿಗೂ ಇಂಜಿನಿನ ಆಧಾರಗಳಿಗೂ ತಗಲುವುದು. ಪಂದ್ಯದ ಗಾಡಿಗಳ ಗಿಯರುಪೆಟ್ಟಿಗೆಯನ್ನು ಆಗಾಗ ಬಿಚ್ಚಿ ಹೊಸ ಭಾಗಗಳನ್ನು ಹಾಕುವ ಪದ್ಧತಿಯುಂಟು. ಸಂಸಾರದ ಗಾಡಿಗೆ ಆ ಉಪಚಾರ ಎಲ್ಲಿಯದು?

ಇದಕ್ಕಿಂತಲೂ ಘೋರವಾದುದು ಆತುರದಲ್ಲಿ ಕೈತಪ್ಪುವುದು. ಮೇಲಿನ ಲೆಕ್ಕದ ಗಾಡಿಯೇ ಮೂರನೆಯ ಗಿಯರಿನಲ್ಲಿ ೬,೦೦೦ ಸುತ್ತಿನಲ್ಲಿರುವಾಗ ನಾಲ್ಕನೆಯದಕ್ಕೆ ಬದಲಾಗಿ ಎರಡನೆಯದು ಬಿದ್ದರೆ, ಓಡುವ ಚಕ್ರಗಳು ಇಂಜಿನನ್ನು ಸುಮಾರು ೮,೫೭೦ ಸುತ್ತಿಗೆ ಎಳೆಯುವುವು. ಇಂಜಿನಿಗೆ ವೇಗದ ಮಿತಿಯನ್ನು ಹಾಕುವ ವಿದ್ಯುತ್‌ಸಾಧನವು ಇಂಧನವನ್ನು ತಡೆಯಬಲ್ಲುದೇ ಹೊರತು ಚಕ್ರಗಳ ಎಳೆತವನ್ನು ತಡೆಯಲಾರದು. ಕವಾಟಗಳು ಕೊಂತಕ್ಕೆ ಬಡಿದು ಇಂಜಿನೇ ನಾಶವಾಗಬಹುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಇನ್ನು ಇಳಿಜಾರಿನ ಮಾತು. ಆಗುಂಬೆ, ಶಿರಾಡಿ ಮುಂತಾದ ಘಾಟಿಗಳನ್ನು ಇಳಿಯುವಾಗ ಕೆಳಗಿನ ಗಿಯರನ್ನು ಹಾಕುವುದು ಅವಶ್ಯವೇ ಸರಿ. ಇಲ್ಲದಿದ್ದರೆ ಬ್ರೇಕುಗಳು ಕಾದು ಬಲಗುಂದುವುವು. ಆದರೆ ಮಳೆಯ ದಿನ, ತಿರುವಿನ ನಡುವೆ, ಗಿಯರನ್ನು ಇಳಿಸಿ ಕ್ಲಚ್ಚನ್ನು ತಟಕ್ಕನೆ ಬಿಟ್ಟರೆ ಇಂಜಿನು ಒಮ್ಮೆಲೇ ಚಕ್ರಗಳನ್ನು ತಡೆಯುವುದು. ಒದ್ದೆಯಾದ ರಸ್ತೆಯಲ್ಲಿ ಅವು ಹಿಡಿತ ತಪ್ಪಿ ಜಾರಬಹುದು. ಇಲ್ಲಿ ಸವೆಯುವುದು ಯಂತ್ರವಷ್ಟೇ ಅಲ್ಲ.

ಹಾಗಾದರೆ ಯಂತ್ರಕ್ಕೂ ಒಗ್ಗುವ ಶೀಘ್ರಕ್ರಮವು ಇಲ್ಲವೆ? ಉಂಟು. ತಿರುವಿಗೆ ಮೊದಲೇ ಓಟವನ್ನು ತಗ್ಗಿಸಿ, ಕ್ಲಚ್ಚು ಒತ್ತಿರುವಾಗ ವೇಗದ ತುಳಿಗೆಯನ್ನು ಲಘುವಾಗಿ ಮುಟ್ಟಿ ಇಂಜಿನನ್ನು ಬೇಕಾದ ಸುತ್ತಿಗೆ ಏರಿಸಿ, ಅನಂತರ ಕ್ಲಚ್ಚನ್ನು ಬಿಡುವುದು. ಇದರಿಂದ ಕ್ಲಚ್ಚು ಉಜ್ಜುವುದಿಲ್ಲ, ಗಾಡಿಯೂ ಕುಲುಕುವುದಿಲ್ಲ. ಬಳೆಯ ಶ್ರಮವನ್ನೂ ಉಳಿಸಬೇಕಾದರೆ ಹಳೆಯ ಇಮ್ಮಡಿ ಕ್ಲಚ್ಚಿನ ಕ್ರಮವೇ ಇದೆ. ನುರಿತ ಚಾಲಕನು ಇದನ್ನು ಅರೆಗಳಿಗೆಯೂ ತಡೆಯದೆ ಮಾಡುವನು. ಜೊತೆಯಲ್ಲಿ ಕುಳಿತವರಿಗೆ ಗಿಯರು ಬದಲಾದುದೇ ತಿಳಿಯದು.

೨೦೦೩ರಲ್ಲಿ ಫೋಕ್ಸ್‌ವಾಗನ್ನಿನವರು ಗಾಲ್ಫ್ ಗಾಡಿಯ ಒಂದು ಬಗೆಯಲ್ಲಿ ಎರಡು ಕ್ಲಚ್ಚುಗಳ ಗಿಯರುಪೆಟ್ಟಿಗೆಯನ್ನಿಟ್ಟು ಮಾರಾಟಕ್ಕೆ ತಂದರು. ಮನುಷ್ಯನ ಕೈಗಿಂತ ಬೇಗ ಗಿಯರು ಬದಲಿಸುವ ಆ ಯಂತ್ರದ ರಹಸ್ಯವು ಬಲವಲ್ಲ. ಒಂದು ಗಿಯರು ನಡೆಯುತ್ತಿರುವಾಗಲೇ ಮುಂದಿನದು ಸಿದ್ಧವಾಗಿ ಕಾದಿರುವುದು. ಅತ್ಯಂತ ವೇಗದ ಯಂತ್ರಕ್ಕೂ ಮುನ್ನೇರ್ಪಾಡೇ ಆಧಾರ.

ಗೃಹಸ್ಥರು ನೆನಪಿಡತಕ್ಕ ಕೆಲವು ಮಾತುಗಳು ಇವು. ಕ್ಲಚ್ಚನ್ನು ಪೂರ್ತಿ ತುಳಿಯಿರಿ. ಕೆಲಸ ಮುಗಿದ ಮೇಲೆ ಕಾಲನ್ನು ಅದರ ಮೇಲಿಡಬೇಡಿರಿ. ಓಡಿಸುವಾಗ ಕೈಯನ್ನು ಹಿಡಿಯ ಮೇಲೆ ಊರಬೇಡಿರಿ; ಆ ಭಾರವು ಒಳಗಿನ ಕವಲುಕಡ್ಡಿಯನ್ನು ಸವೆಯಿಸುವುದು. ಅನೇಕ ಗಾಡಿಗಳ ಹಿಮ್ಮುಖದ ಗಿಯರಿಗೆ ಬಳೆಯಿರುವುದಿಲ್ಲವಾದುದರಿಂದ, ಗಾಡಿ ಪೂರ್ತಿ ನಿಂತ ಮೇಲೆಯೇ ಅದನ್ನು ಹಾಕಿರಿ. ಗಿಯರುಪೆಟ್ಟಿಗೆಗೆ ತಯಾರಕರು ಹೇಳಿದ ಎಣ್ಣೆಯನ್ನೇ ಹಾಕಿಸಿರಿ. ಕೆಲವು ಎಣ್ಣೆಗಳಲ್ಲಿರುವ ಗಂಧಕದ ಮಿಶ್ರಣವು ಹಿತ್ತಾಳೆಯನ್ನು ತಿನ್ನುವುದು.

ಕೊನೆಗೆ ಲಾಭದ ಲೆಕ್ಕವನ್ನೂ ನೋಡೋಣ. ಊರೊಳಗಿನ ಒಂದು ಪ್ರಯಾಣದಲ್ಲಿ ನೂರು ಸಲ ಗಿಯರು ಬದಲಿಸಿ, ಪ್ರತಿಸಲವೂ ಅರ್ಧ ಸೆಕೆಂಡನ್ನು ಉಳಿಸಿದರೆ ಒಟ್ಟು ಉಳಿತಾಯವು ೫೦ ಸೆಕೆಂಡು. ಚೌಕದ ಒಂದು ಕೆಂಪು ದೀಪವು ಅದನ್ನೆಲ್ಲ ನುಂಗಿಬಿಡುವುದು. ಕೈ ಅವಸರಪಟ್ಟ ಮಾತ್ರಕ್ಕೆ ಗಾಡಿಯು ಬೇಗ ಸೇರುವುದಿಲ್ಲ. ಕೂಡಬೇಕಾದ ಎರಡನ್ನು ಸಮಗೊಳಿಸಿ ಕೂಡಿಸಬಲ್ಲವನೇ ನಿಜವಾದ ಚಾಲಕನು.