ದುನಾಯೆತ್ಸ್ ನದಿಯ ಕಣಿವೆ

ಯೂರೋಪು ಖಂಡದ ಭೂಪಟವನ್ನು ಮುಂದೆ ಹರಡಿಕೊಂಡು ನೋಡಿದರೆ, ಪೋಲೆಂಡು ದೇಶದ ತೆಂಕಣ ಮೇರೆಯಲ್ಲಿ ತಾತ್ರಾ ಎಂಬ ಉನ್ನತವಾದ ಪರ್ವತಶ್ರೇಣಿಯು ಕಾಣಬರುವುದು. ಆ ಕಡೆಯಿಂದ ಇಳಿದುಬರುವ ಕರಿಯ ದುನಾಯೆತ್ಸ್, ಬಿಳಿಯ ದುನಾಯೆತ್ಸ್ ಎಂಬ ಎರಡು ಹೊಳೆಗಳು ನೋವಿ ತಾರ್ಗ್ ಎಂಬ ಪೇಟೆಯ ಬಳಿಯಲ್ಲಿ ಒಂದುಗೂಡಿ ಮೂಡಲಿಗೆ ಹರಿಯುತ್ತವೆ. ಹೀಗೆ ಹುಟ್ಟಿದ ದುನಾಯೆತ್ಸ್ ನದಿಯು ಪ್ಯೆನೀನಿ ಎಂಬ ಸುಣ್ಣಕಲ್ಲಿನ ಬೆಟ್ಟಗಳನ್ನು ಸೀಳಿಕೊಂಡು ಹೋಗಿ, ಅನಂತರ ಬಡಗಲಿಗೆ ತಿರುಗಿ, ಆ ದೇಶದ ಮಹಾನದಿಯಾದ ವಿಸ್ತುಲೆಯನ್ನು ಸೇರುವುದು. ನದಿಯು ದೊಡ್ಡದಲ್ಲ, ಆದರೆ ಅದರ ದಡದಲ್ಲಿರುವಷ್ಟು ನೋಡತಕ್ಕ ವಿಷಯಗಳು ಎಷ್ಟೋ ದೊಡ್ಡ ನದಿಗಳ ದಡದಲ್ಲಿಯೂ ದೊರೆಯಲಾರವು.

ಇಂತಹ ಸ್ಥಳಗಳನ್ನು ನೋಡಿದವರು ಸಾಮಾನ್ಯವಾಗಿ ಪ್ರಕೃತಿದೇವಿಯ ಔದಾರ್ಯವನ್ನು ಕೊಂಡಾಡಿ ಸುಮ್ಮನಾಗುತ್ತಾರೆ. ದುನಾಯೆತ್ಸ್ ಕಣಿವೆಯ ವಿಷಯದಲ್ಲಿ ಅಷ್ಟು ಸಾಲದು. ಇಲ್ಲಿ ಕಣ್ಣಿಗೆ ಬೀಳುವ ಚೆಲುವು ತಾನಾಗಿ ಉಳಿದುಬಂದುದಲ್ಲ. ಒಬ್ಬರಲ್ಲ ಒಬ್ಬರು ಕಷ್ಟಪಟ್ಟು ಉಳಿಸಿದುದು. ಕೆಲವನ್ನು ಉಳಿಸುವುದಕ್ಕಾಗಿ ಇನ್ನು ಕೆಲವನ್ನು ಬಿಟ್ಟುಕೊಡಬೇಕಾಗಿಯೂ ಬಂದಿತು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ವಾಚಕರು ನಮ್ಮೊಡನೆ ನದಿಯ ಹರಿವನ್ನು ಅನುಸರಿಸಿ ಮೇಲಿನಿಂದ ಕೆಳಗೆ ಬರಬೇಕೆಂದು ಕೋರುತ್ತೇವೆ.

ದೆಂಬ್ನೊ ಗ್ರಾಮದ ಮರದ ಚರ್ಚು

ನೋವಿ ತಾರ್ಗಿನಿಂದ ಸ್ವಲ್ಪ ದೂರ ಬಂದರೆ ದೆಂಬ್ನೊ ಎಂಬ ಸಣ್ಣ ಗ್ರಾಮವು ಸಿಕ್ಕುವುದು. ಇಲ್ಲಿ 15ನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿದ ಒಂದು ಮರದ ಚರ್ಚು ಇದೆ. ತೊಲೆಗಳನ್ನು ಒಂದರೊಳಗೊಂದು ಕಚ್ಚಿಸಿ ಜೋಡಿಸಿರುವರೇ ಹೊರತು ಕಬ್ಬಿಣದ ಮೊಳೆಗಳನ್ನು ಬಳಸಿಲ್ಲ. ಹೊರಗಿನಿಂದ ನೋಡಿದರೆ ಕಪ್ಪಗೆ, ಮೋಟಾಗಿ, ಕಡಿದಾದ ಮಾಡಿನ ಒಂದು ಕಣಜದಂತೆ ಕಾಣುವ ಈ ಕಟ್ಟಡದ ಒಳಗೆ ಕಾಲಿಟ್ಟೊಡನೆ ಬೆರಗಾಗಬೇಕು. 1500ರ ಸುಮಾರಿನಲ್ಲಿ ಬರೆದ ಬಣ್ಣದ ಚಿತ್ತಾರಗಳು ಒಳಮಾಡಿನ ಮತ್ತು ಗೋಡೆಗಳ ಹಲಗೆಗಳನ್ನೆಲ್ಲ ತುಂಬಿರುವುವು. ಕತ್ತರಿಸಿದ ಅಚ್ಚುಗಳನ್ನು ಹಲಗೆಯ ಮೇಲಿಟ್ಟು ಬಣ್ಣ ಹಚ್ಚಿ ಮೂಡಿಸಿದ ಈ ಮಾದರಿಗಳು ಎಪ್ಪತ್ತಕ್ಕೂ ಹೆಚ್ಚಾಗಿವೆ. ಹೂಬಳ್ಳಿಗಳು, ಪ್ರಾಣಿಗಳು, ಬೇಟೆಯ ದೃಶ್ಯಗಳು ಮೊದಲಾದುವೆಲ್ಲ ಅವುಗಳಲ್ಲಿ ಸೇರಿವೆ. ಐದು ಶತಮಾನಗಳ ಮಳೆ, ಹಿಮ, ಯುದ್ಧಗಳನ್ನು ದಾಟಿ ಬಂದ ಈ ಚರ್ಚನ್ನು 2003ರಲ್ಲಿ ಯುನೆಸ್ಕೋ ಸಂಸ್ಥೆಯು ಆ ಪ್ರಾಂತದ ಇತರ ಐದು ಮರದ ಚರ್ಚುಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಎದುರುಬದುರಾದ ಎರಡು ಕೋಟೆಗಳು

ದೆಂಬ್ನೊವನ್ನು ದಾಟಿದರೆ ಕಣಿವೆಯು ಅಗಲವಾಗಿ, ನದಿಗೆ ಬದಲಾಗಿ ಒಂದು ವಿಶಾಲವಾದ ಸರೋವರವು ಕಣ್ಣೆದುರು ನಿಲ್ಲುವುದು. ಅದರ ಎರಡು ದಡಗಳಲ್ಲಿಯೂ ಬಂಡೆಗಳ ಮೇಲೆ ಒಂದೊಂದು ಕೋಟೆಯುಂಟು. ಬಡಗಣ ದಡದ್ದು ಚೋರ್ಶ್ಟಿನ್. ತೆಂಕಣ ದಡದ್ದು ನ್ಯೆಜೀತ್ಸಾ. ಹಿಂದಿನ ಕಾಲದಲ್ಲಿ ಇಲ್ಲಿಯ ನದಿಯೇ ಪೋಲೆಂಡು ಮತ್ತು ಹಂಗೇರಿ ರಾಜ್ಯಗಳ ಗಡಿಯಾಗಿದ್ದುದರಿಂದ, ಎರಡು ಕಡೆಯವರೂ ತಂತಮ್ಮ ದಡವನ್ನು ಕಾಯುವುದಕ್ಕೆ ಈ ಕೋಟೆಗಳನ್ನು ನಿಲ್ಲಿಸಿದ್ದರು.

ಚೋರ್ಶ್ಟಿನ್ ಕೋಟೆಯು ಪೋಲೆಂಡಿನ ಅರಸರದು. 1651ರಲ್ಲಿ ಕೋಸ್ತ್ಕಾ ನಪ್ಯೆರ್ಸ್ಕಿ ಎಂಬುವನು ಬೆಟ್ಟನಾಡಿನ ರೈತರನ್ನು ಎಬ್ಬಿಸಿ ಈ ಕೋಟೆಯನ್ನು ಹಿಡಿದುಕೊಂಡನು. ಆದರೆ ದಂಗೆಯು ಬೇಗನೆ ಅಡಗಿತು. ಅವನಿಗೆ ಕ್ರಾಕೋವ್ ನಗರದಲ್ಲಿ ಮರಣದಂಡನೆಯಾಯಿತು. 1790ರಲ್ಲಿ ಸಿಡಿಲು ಬಡಿದು ಬೆಂಕಿ ಬಿದ್ದ ಮೇಲೆ ಕೋಟೆಯಲ್ಲಿ ಯಾರೂ ವಾಸಮಾಡಲಿಲ್ಲ. ಈಗ ಅಲ್ಲಿರುವುದು ಜೋಪಾನವಾಗಿ ಕಾಪಾಡಲ್ಪಟ್ಟ ಹಾಳುಗೋಡೆಗಳು ಮಾತ್ರ.

ನ್ಯೆಜೀತ್ಸಾ ಕೋಟೆಯನ್ನು 14ನೆಯ ಶತಮಾನದ ಮೊದಲ ಭಾಗದಲ್ಲಿ ಹಂಗೇರಿಯ ಪ್ರಭುಗಳು ಕಟ್ಟಿದರು. ಇದು ಹಾಳಾಗದೆ ಉಳಿದಿದೆ, ಈಗ ವಸ್ತುಸಂಗ್ರಹಾಲಯವಾಗಿದೆ. ದಕ್ಷಿಣ ಅಮೆರಿಕದ ಇಂಕಾ ರಾಜವಂಶದವರು ಈ ಕೋಟೆಗೆ ಬಂದು ಅಡಗಿದ್ದರೆಂದೂ, ತಮ್ಮ ನಿಧಿಯ ಗುಟ್ಟನ್ನು ಗಂಟು ಹಾಕಿದ ದಾರದಲ್ಲಿ ಬರೆದಿಟ್ಟು ಹೋದರೆಂದೂ ಒಂದು ಕಥೆಯುಂಟು. ಪ್ರವಾಸಿಗಳು ಇದನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ, ಇತಿಹಾಸಕಾರರು ಒಪ್ಪುವುದಿಲ್ಲ. ಆದರೆ ಕಥೆಗಿಂತಲೂ ಆಶ್ಚರ್ಯಕರವಾದ ನಿಜ ಸಂಗತಿಯೊಂದು ಈ ಕೋಟೆಯ ಚರಿತ್ರೆಯಲ್ಲಿದೆ. ಪ್ರಥಮ ಮಹಾಯುದ್ಧವು ಮುಗಿದು, ಈ ಭಾಗವು 1920ರಲ್ಲಿ ಪೋಲೆಂಡಿಗೆ ಸೇರಿದ ಮೇಲೆಯೂ ಸುತ್ತಣ ಬಡ ಒಕ್ಕಲುಗಳು ಜಮೀನ್ದಾರನ ಹೊಲದಲ್ಲಿ ಬಿಟ್ಟಿ ದುಡಿಯಬೇಕಾಗಿತ್ತು. ಆ ಪದ್ಧತಿಯು ಕಾಯಿದೆಯ ಮೂಲಕ ಕೊನೆಗೊಂಡುದು 1931ರಲ್ಲಿ! ಕೋಟೆಯ ಉಪ್ಪರಿಗೆಯಲ್ಲಿ ನಿಂತು ನೋಟವನ್ನು ಸವಿಯುವವರು, ಕೆಳಗಿನ ಹೊಲಗಳಲ್ಲಿ ಸುರಿದ ಬೆವರನ್ನೂ ಒಂದು ಗಳಿಗೆ ನೆನೆಯುವುದು ಉಚಿತ.

ಮುಳುಗಿದ ಊರು, ಉಳಿದ ಊರುಗಳು

ಈಗ ಸರೋವರದ ವಿಚಾರ. ಇದು ದೇವರು ಮಾಡಿದುದಲ್ಲ, ಮನುಷ್ಯರು ಮಾಡಿದುದು. ದುನಾಯೆತ್ಸ್ ಬೆಟ್ಟನಾಡಿನ ನದಿಯಾದುದರಿಂದ, ಮಳೆ ಬಲವಾದರೆ ಕೆಲವು ಗಂಟೆಗಳೊಳಗೆ ಉಕ್ಕಿ ಬರುವುದು. 1934ರ ಜುಲೈ ತಿಂಗಳಲ್ಲಿ ಬಂದ ಮಹಾಪೂರವು ಹೊಲ, ಮನೆ, ಸೇತುವೆಗಳನ್ನು ಕೊಚ್ಚಿಕೊಂಡು ಹೋಗಿ ಅನೇಕರ ಪ್ರಾಣವನ್ನೂ ತೆಗೆದುಕೊಂಡಿತು. ನದಿಗೆ ಅಣೆಕಟ್ಟು ಕಟ್ಟಬೇಕೆಂಬ ಆಲೋಚನೆಯು ಅನೇಕ ವರ್ಷಗಳಿಂದ ನಡೆದಿದ್ದು, 1970ರಿಂದೀಚೆಗೆ ನ್ಯೆಜೀತ್ಸಾದ ಬಳಿಯಲ್ಲಿ ಕೆಲಸವು ಪ್ರಾರಂಭವಾಯಿತು. 56 ಮೀಟರು ಎತ್ತರ, 404 ಮೀಟರು ಉದ್ದದ ಮಣ್ಣಿನ ಕಟ್ಟೆಯದು.

ಕಟ್ಟೆಗೆ ಬೆಲೆಯನ್ನು ತೆತ್ತವರು ಹಳ್ಳಿಗರು. ಮಾನಿಯೊವಿ ಎಂಬ ಹಳೆಯ ಊರು ಇಡಿಯಾಗಿ ನೀರಿನ ಪಾಲಾಗಬೇಕಾದುದರಿಂದ, ಅಲ್ಲಿಯ ಜನರನ್ನು ಮೇಲಿನ ಇಳಿಜಾರಿನಲ್ಲಿ ಕಟ್ಟಿದ ಅದೇ ಹೆಸರಿನ ಹೊಸ ಊರಿಗೆ ಸಾಗಿಸಿದರು. ಚೋರ್ಶ್ಟಿನ್ ಹಳ್ಳಿಯ ಹಳೆಯ ಮರದ ಮನೆಗಳಲ್ಲಿ ಕೆಲವನ್ನು ಬಿಚ್ಚಿ ತಂದು ಸರೋವರದ ದಡದಲ್ಲಿ ಮತ್ತೆ ಜೋಡಿಸಿದರು. ಇಂದು ಅವುಗಳಲ್ಲಿ ಪ್ರವಾಸಿಗಳು ಬಿಡಾರ ಮಾಡುವರು. ಫ್ರಿದ್‌ಮಾನ್ ಮೊದಲಾದ ಊರುಗಳನ್ನು ಪಾರ್ಶ್ವದಲ್ಲಿ ಒಡ್ಡು ಹಾಕಿ ಉಳಿಸಿಕೊಂಡರು. ಕಟ್ಟೆಯಿಂದ ಕಣಿವೆಯ ಸೊಬಗೂ ಗಿಡಮರಗಳೂ ಕೆಡುವುವೆಂದು 1990ರ ಆಸುಪಾಸಿನಲ್ಲಿ ಪ್ರಕೃತಿಪ್ರೇಮಿಗಳು ಬಲವಾಗಿ ಪ್ರತಿಭಟಿಸಿ ದಾರಿಗಳಿಗೆ ಅಡ್ಡ ನಿಂತರು. ವಾದವು ತೀರ್ಮಾನವಾಗುವುದಕ್ಕೆ ಮುಂಚೆಯೇ ಕಟ್ಟೆಯು ಮುಗಿಯಿತು. 1997ರ ಜುಲೈ 9ರಂದು ಅದರ ಪ್ರಾರಂಭೋತ್ಸವ. ಅದೇ ದಿನಗಳಲ್ಲಿ ದಕ್ಷಿಣ ಪೋಲೆಂಡನ್ನೆಲ್ಲ ತಲ್ಲಣಗೊಳಿಸಿದ ಭಯಂಕರವಾದ ಪ್ರವಾಹವು ಬಂದಿತು! ಹೊಸ ಸರೋವರವು ಆ ನೀರನ್ನು ತನ್ನ ಮಡಿಲಿಗೆ ತೆಗೆದುಕೊಂಡು ಕೆಳಗಿನ ಊರುಗಳನ್ನು ಉಳಿಸಿತು. ಹಾಗೆಂದು ಮನೆ ಕಳೆದುಕೊಂಡವರ ದುಃಖವು ಸುಳ್ಳಾಗಲಿಲ್ಲ. ಒಂದು ಊರಿನ ಒಲೆಗಳು ಆರಿದುದರಿಂದ ಹಲವು ಊರುಗಳ ಒಲೆಗಳು ಉರಿಯುತ್ತಿವೆ ಎಂಬುದನ್ನು ತಿಳಿದವರು ಈ ನೀರನ್ನು ಬರಿಯ ವಿಹಾರಸ್ಥಾನವೆಂದು ನೋಡಲಾರರು.

ಈಗ ಸರೋವರದ ದಡದಲ್ಲಿ ಬೈಸಿಕಲ್ಲುಗಳಿಗೆಂದೇ ಸೊಗಸಾದ ದಾರಿಯನ್ನು ಮಾಡಿರುವರು. ಬೇಸಗೆಯಲ್ಲಿ ಎರಡು ಕೋಟೆಗಳ ನಡುವೆ ದೋಣಿಗಳು ಓಡಾಡುತ್ತವೆ. ಹಿಂದೆ ಶತ್ರುಗಳಂತೆ ಒಂದನ್ನೊಂದು ದುರುಗುಟ್ಟಿಕೊಂಡು ನೋಡುತ್ತಿದ್ದ ಕೋಟೆಗಳ ನಡುವೆ ಇಂದು ತಾಯಿತಂದೆಗಳು ಮಕ್ಕಳನ್ನು ಕೂರಿಸಿಕೊಂಡು ದೋಣಿಯಲ್ಲಿ ದಾಟುವರು.

ತೆಪ್ಪದ ಪ್ರಯಾಣ

ಅಣೆಕಟ್ಟಿನಿಂದ ಕೆಳಗೆ ಸ್ರೊಮೊಫ್ತ್ಸೆ ಎಂಬ ಹಳ್ಳಿಗಳಿವೆ. ಈ ಕಣಿವೆಯ ಮುಖ್ಯ ವಿನೋದವಾದ ತೆಪ್ಪದ ಪ್ರಯಾಣವು ಹೊರಡುವುದು ಇಲ್ಲಿಂದಲೇ. ಕಿರಿದಾದ ಐದು ದೋಣಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹಗ್ಗದಿಂದ ಬಿಗಿದರೆ ಒಂದು ತೆಪ್ಪವಾಗುವುದು. ಹಿಂದೆ ಒಂದೊಂದು ದೋಣಿಯನ್ನೂ ಒಂದೊಂದು ಮರದ ದಿಮ್ಮಿಯಿಂದ ಕೊರೆಯುತ್ತಿದ್ದರು. ಈಗ ಹಲಗೆಗಳಿಂದ ಮಾಡುತ್ತಾರೆ. ನೀರು ಒಳಕ್ಕೆ ಎರಚದಂತೆ ಮುಂಭಾಗದಲ್ಲಿ ಸ್ಪ್ರೂಸ್ ಮರದ ಹಸಿರು ಸೊಪ್ಪನ್ನು ಸಿಕ್ಕಿಸುವರು. ಮುಂದೊಬ್ಬ, ಹಿಂದೊಬ್ಬ, ಹೀಗೆ ಇಬ್ಬರು ಅಂಬಿಗರು ಉದ್ದನೆಯ ಗಳೆಗಳನ್ನು ನೀರಿನ ತಳಕ್ಕೆ ಊರಿ ತೆಪ್ಪವನ್ನು ನಡೆಸುವರು. ಕಸೂತಿ ಹಾಕಿದ ನೀಲಿಯ ಕುಪ್ಪಸ, ಕವಡೆಯಂತಹ ಚಿಪ್ಪುಗಳನ್ನು ಪೋಣಿಸಿದ ಕರಿಯ ಟೋಪಿ, ಇವು ಅವರ ಕುಲದ ಉಡುಪು. ತಂದೆಯಿಂದ ಮಗನಿಗೆ ಬರುವ ಈ ಕಸುಬನ್ನು ಕಾಪಾಡಿಕೊಳ್ಳುವುದಕ್ಕಾಗಿ ಅವರು 1934ರಲ್ಲಿ ತಮ್ಮದೇ ಆದ ಸಂಘವನ್ನು ಸ್ಥಾಪಿಸಿಕೊಂಡರು.

ಏಪ್ರಿಲಿನಿಂದ ಅಕ್ಟೋಬರಿನವರೆಗೆ ತೆಪ್ಪಗಳು ನಡೆಯುತ್ತವೆ. ಶ್ಚಾವ್ನಿತ್ಸ ಎಂಬ ಊರಿನವರೆಗೆ ಸುಮಾರು 18 ಕಿಲೋಮೀಟರು. ಎರಡು ಗಂಟೆಗಳಿಗಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುವುದು. ನಡುವೆ ನದಿಯು ಬೆಟ್ಟವನ್ನು ಕೊರೆದಿರುವ ಭಾಗದಲ್ಲಿ ಅದು ಹಾವಿನಂತೆ ಸುತ್ತಿ ಸುತ್ತಿ ಹೋಗುವುದು. ನೆಟ್ಟಗೆ ಅಳೆದರೆ ಸುಮಾರು ಮೂರು ಕಿಲೋಮೀಟರಿನಷ್ಟಿರುವ ದೂರವನ್ನು ನೀರು ಸುಮಾರು ಎಂಟು ಕಿಲೋಮೀಟರಿನಲ್ಲಿ ಕ್ರಮಿಸುತ್ತದೆ. ಎದುರಿಗೆ ಬಂಡೆಯ ಗೋಡೆಯು ಅಡ್ಡವಾಗಿ ನಿಂತು, ಇನ್ನು ದಾರಿಯೇ ಇಲ್ಲವೆಂದು ಪ್ರಯಾಣಿಕರು ಗಾಬರಿಗೊಳ್ಳುವಷ್ಟರಲ್ಲಿ, ಅಂಬಿಗನು ನಸುನಗುತ್ತ ಗಳೆಯನ್ನು ಒತ್ತುವನು. ತೆಪ್ಪವು ಮೆಲ್ಲನೆ ತಿರುಗಿ ಹೊಸದೊಂದು ನೋಟದ ಮುಂದೆ ನಿಲ್ಲುವುದು.

ಬೆಟ್ಟಗಳೂ ಮುದಿಯ ಮರವೂ

ಕಾಲ್ನಡಿಗೆಯಲ್ಲಿ ಪ್ರೀತಿಯುಳ್ಳವರಿಗೆ ಎರಡು ಶಿಖರಗಳು ಮುಖ್ಯವಾದುವು. ‘ಮೂರು ಕಿರೀಟಗಳು’ ಎಂಬ ಶಿಖರವು 982 ಮೀಟರು ಎತ್ತರವಾಗಿದ್ದು, ನದಿಯ ಮಟ್ಟದಿಂದ ಐದು ನೂರು ಮೀಟರಿನಷ್ಟು ಕಡಿದಾಗಿ ಎದ್ದುನಿಂತಿದೆ. ತುದಿಯಲ್ಲಿ ಕಟ್ಟಿದ ಕಟಕಟೆಯಿಂದ ನೋಡಿದರೆ ಕೆಳಗೆ ನದಿಯು ಎಸೆದ ದಾರದಂತೆಯೂ, ಆಕಾಶವು ತಿಳಿಯಾಗಿದ್ದರೆ ದೂರದಲ್ಲಿ ತಾತ್ರಾ ಪರ್ವತಗಳೂ ಕಾಣುವುವು. ಮತ್ತೊಂದು 747 ಮೀಟರು ಎತ್ತರದ ಸೊಕೊಲೀತ್ಸ. ಶ್ಚಾವ್ನಿತ್ಸದ ಕಡೆಯಿಂದ ಬರುವವರು ಕಡವಿನ ದೋಣಿಯಲ್ಲಿ ನದಿಯನ್ನು ದಾಟಿ ಇದನ್ನು ಹತ್ತುವರು. ಇದರ ತುದಿಯ ಬಂಡೆಯ ಬಿರುಕಿನಲ್ಲಿ ಸುಮಾರು ಐದು ನೂರು ವರ್ಷ ವಯಸ್ಸಿನ ಪೈನ್ ಮರವೊಂದು ಪ್ರಪಾತದ ಮೇಲೆ ಬಾಗಿ ನಿಂತಿದೆ. ಪೋಲೆಂಡಿನಲ್ಲಿ ಇದರ ಚಿತ್ರವನ್ನು ನೋಡದವರು ವಿರಳ. 2018ರಲ್ಲಿ, ಗಾಯಗೊಂಡ ಪ್ರವಾಸಿಯೊಬ್ಬರನ್ನು ಕರೆದೊಯ್ಯಲು ಬಂದ ಹೆಲಿಕಾಪ್ಟರಿನ ಗಾಳಿಗೆ ಇದರ ಒಂದು ಕೊಂಬೆಯು ಮುರಿದುಬಿದ್ದಾಗ ದೇಶವೆಲ್ಲ ಮರುಗಿತು. ಮನುಷ್ಯನ ಜೀವವನ್ನು ಉಳಿಸಲು ಹೋಗಿ ಮುರಿದ ಕೊಂಬೆಯಾದುದರಿಂದ ಯಾರನ್ನು ದೂರುವುದು?

ಈ ಬೆಟ್ಟಗಳನ್ನು 1932ರಷ್ಟು ಹಿಂದೆಯೇ ರಾಷ್ಟ್ರೀಯೋದ್ಯಾನವನ್ನಾಗಿ ಮಾಡಿ, ನದಿಯ ಆಚೆಯ ದಡದ ನೆರೆಯ ದೇಶದವರೊಡನೆ ಸೇರಿ ಕಾಪಾಡಲು ತೊಡಗಿದರು. ಗಡಿಯ ಎರಡು ಬದಿಗಳಲ್ಲಿಯೂ ಇಂತಹ ರಕ್ಷಣೆಯನ್ನು ಏರ್ಪಡಿಸಿದುದು ಯೂರೋಪಿನಲ್ಲಿ ಇದೇ ಮೊದಲು. ಆಚೆಯ ದಡದಲ್ಲಿ, ಈಗಿನ ಸ್ಲೊವಾಕಿಯ ದೇಶದಲ್ಲಿ, ‘ಕೆಂಪು ಮಠ’ವೆಂಬ 14ನೆಯ ಶತಮಾನದ ಸಂನ್ಯಾಸಿಗಳ ಆಶ್ರಮವಿದೆ. 18ನೆಯ ಶತಮಾನದಲ್ಲಿ ಅಲ್ಲಿದ್ದ ಸಿಪ್ರಿಯನ್ ಎಂಬ ಸೋದರನು ಈ ಬೆಟ್ಟಗಳ ಗಿಡಮೂಲಿಕೆಗಳನ್ನು ಕಲೆಹಾಕಿ ಒಣಗಿಸಿ ಪುಸ್ತಕಕ್ಕೆ ಅಂಟಿಸಿಟ್ಟನು. ಅವನು ರೆಕ್ಕೆ ಕಟ್ಟಿಕೊಂಡು ಹಾರಿದನೆಂದು ಜನರು ಕಥೆ ಹೇಳುತ್ತಾರೆ. 2006ರಲ್ಲಿ ಮಠದ ಬಳಿಗೆ ನಡೆದುಹೋಗಲು ನದಿಗೆ ಕಾಲುಸೇತುವೆಯನ್ನು ಕಟ್ಟಿದರು. 2007ರ ಡಿಸೆಂಬರಿನಲ್ಲಿ ಗಡಿಯ ತಪಾಸಣೆಯನ್ನೇ ತೆಗೆದುಹಾಕಿದರು. ಈಗ ಬೆಳಗಿನ ಉಪಾಹಾರವನ್ನು ಒಂದು ದೇಶದಲ್ಲಿಯೂ ಮಧ್ಯಾಹ್ನದ ಊಟವನ್ನು ಮತ್ತೊಂದು ದೇಶದಲ್ಲಿಯೂ ಮಾಡಬಹುದು.

ಶ್ಚಾವ್ನಿತ್ಸದ ಚಿಲುಮೆಗಳು

ಪ್ರಯಾಣವು ಮುಗಿಯುವ ಶ್ಚಾವ್ನಿತ್ಸದಲ್ಲಿ ಹುಳಿರುಚಿಯ ಖನಿಜಜಲದ ಚಿಲುಮೆಗಳಿವೆ. ಉಸಿರಾಟದ ತೊಂದರೆಯುಳ್ಳವರು ಇಂದಿಗೂ ಇಲ್ಲಿಗೆ ಬಂದು ನೀರನ್ನು ಕುಡಿದು, ಅದರ ಹಬೆಯನ್ನು ಸೇವಿಸುವರು. 19ನೆಯ ಶತಮಾನದಲ್ಲಿ ಇದರ ಒಡೆಯನಾಗಿದ್ದ ಯೂಜೆಫ್ ಶಲಾಯ್ ಎಂಬ ಮಹನೀಯನು ಸ್ನಾನಗೃಹಗಳನ್ನೂ ಉದ್ಯಾನಗಳನ್ನೂ ಮಾಡಿಸಿ, ಅತಿಥಿಗಳಿಗಾಗಿ ತೆಪ್ಪದ ವಿಹಾರವನ್ನು ಏರ್ಪಡಿಸಿ, ನದಿಯ ದಡದಲ್ಲಿ ಕೆಂಪು ಮಠದವರೆಗೆ ಹೋಗುವ ದಾರಿಗೂ ಕಾರಣನಾದನು. 1876ರಲ್ಲಿ ಕಾಲವಾದ ಅವನು, ಈ ಆಸ್ತಿಯನ್ನು ಕ್ರಾಕೋವಿನ ವಿದ್ವತ್ಪರಿಷತ್ತಿಗೆ ಉಯಿಲು ಬರೆದಿಟ್ಟಿದ್ದನು. ಆ ದಾರಿಯಲ್ಲಿ ಇಂದು ನಡೆಯುವವರೂ ಬೈಸಿಕಲ್ಲು ತುಳಿಯುವವರೂ ಅವನಿಗೆ ಋಣಿಗಳು.

ಮರದ ಚರ್ಚನ್ನು ಕಾಪಾಡಿದವರ ಹೆಸರುಗಳು ನಮಗೆ ತಿಳಿಯವು. ಊರು ಬಿಟ್ಟು ಮೇಲಕ್ಕೆ ಹೋದ ಒಕ್ಕಲುಗಳ ಹೆಸರುಗಳೂ ತಿಳಿಯವು. ಗಳೆ ಹಿಡಿದ ಅಂಬಿಗನನ್ನು ದಡಕ್ಕೆ ಇಳಿದೊಡನೆ ಮರೆಯುತ್ತೇವೆ. ಆದರೂ ದುನಾಯೆತ್ಸ್ ಕಣಿವೆಯು ಇಂದು ನೋಡತಕ್ಕ ಸ್ಥಳವಾಗಿ ಉಳಿದಿರುವುದು ಇಂತಹವರಿಂದಲೇ. ಎಲ್ಲಿಗೆ ಪ್ರವಾಸ ಹೋದರೂ, ಯಾವ ನದಿಯ ದಡದಲ್ಲಿ ಕುಳಿತರೂ, ಇದನ್ನು ಉಳಿಸಿದವರು ಯಾರು, ಏನನ್ನು ಕೊಟ್ಟು ಉಳಿಸಿದರು ಎಂದು ಮನೆಯ ಮಕ್ಕಳಿಗೆ ಹೇಳಿಕೊಡುವುದು ಹಿರಿಯರ ಕರ್ತವ್ಯವು. ಹಾಗೆ ಕೇಳಿ ಬೆಳೆದ ಮಕ್ಕಳು ತಮ್ಮ ಊರಿನ ಮರವನ್ನೂ ಹೊಳೆಯನ್ನೂ ಬೇರೆ ಕಣ್ಣುಗಳಿಂದ ನೋಡುವರು.