ಬಡವರ ಮನೆ ಊಟ ಚೆನ್ನವೇ?

ಸಹೋದರಿಯರೇ, ‘ಬಡವರ ಮನೆ ಊಟ ಚೆನ್ನ, ಶ್ರೀಮಂತರ ಮನೆ ನೋಟ ಚೆನ್ನ’ ಎಂಬ ಗಾದೆಯನ್ನು ನೀವೂ ಕೇಳಿರಬಹುದು. ಇದು ನಿಜವೇ? ಉತ್ತರ ಹುಡುಕಲು ಮಡಿಕೇರಿ-ವಿರಾಜಪೇಟೆ ದಾರಿಯಲ್ಲಿರುವ ಮೂರ್ನಾಡಿನ ಮಳೆಗಾಲದ ಅಡುಗೆಮನೆಗೆ ಬನ್ನಿ.

ಇಂದಿನ ಕೊಡಗನ್ನು ಬಡ ಜಿಲ್ಲೆ ಎನ್ನುವಂತಿಲ್ಲ. ಆದರೆ ಹಿಂದೆ ಜಡಿಮಳೆ ಹಿಡಿಯಿತೆಂದರೆ ಸಂತೆಗೆ ಹೋಗುವುದೇ ಕಷ್ಟವಾಗುತ್ತಿತ್ತು. ಬಡವರ ಕೈಗೆ ಸಿಗುತ್ತಿದ್ದುದು ಕಣಿಲೆ, ಮರಕೆಸು, ಅಣಬೆ. ಹಸಿ ಕಣಿಲೆಯಲ್ಲಿ ವಿಷಾಂಶವಿದೆ. ಕೆಸು ಗಂಟಲು ತುರಿಸುತ್ತದೆ. ಕಣಿಲೆಯನ್ನು ಹೆಚ್ಚಿ, ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ ಬೇಯಿಸಿದವರು, ಕೆಸುವಿನ ಎಲೆಗೆ ಹುಳಿ ಬೆರೆಸಿದ ಹಿಟ್ಟು ಸವರಿ ಪತ್ರೊಡೆ ಮಾಡಿದವರು ನಮ್ಮ ಅಜ್ಜಿಯಂದಿರು. ಹಣವಿಲ್ಲದ ಕಡೆ ಅವರು ಸಮಯವನ್ನೂ ತಿಳುವಳಿಕೆಯನ್ನೂ ಖರ್ಚು ಮಾಡಿದರು. ರುಚಿಯ ಗುಟ್ಟು ಇದೇ.

ಕಾಡಿನ ಹುಳಿಹಣ್ಣಿನ ರಸವನ್ನು ಕಪ್ಪಗಾಗುವವರೆಗೆ ಕುದಿಸಿದ ಕಾಚಂಪುಳಿಯನ್ನೇ ನೋಡಿ. ಸಿರ್ಕಾದಂತೆ ಬಳಸುವ ಇದರ ಕೆಲವೇ ಹನಿ ಸಾಕು, ಸಾರಿನ ರುಚಿಯೇ ಬದಲಾಗುತ್ತದೆ. ಒಮ್ಮೆ ಪ್ರವಾದಿವರ್ಯರು(ಸ) ಮನೆಯಲ್ಲಿ ನಂಜಿಕೊಳ್ಳಲು ಏನಿದೆಯೆಂದು ಕೇಳಿದಾಗ ಸಿರ್ಕಾ ಬಿಟ್ಟು ಬೇರೇನೂ ಇರಲಿಲ್ಲ. ಅವರು ಅದನ್ನೇ ತರಿಸಿ, ಹೊಗಳುತ್ತಾ ಉಂಡರೆಂದು ಸಹೀಹ್ ಮುಸ್ಲಿಮ್‌ನ ಹದೀಸ್ ತಿಳಿಸುತ್ತದೆ.

ಸಿರಿತನದ ಊಟವೆಲ್ಲ ಒಳ್ಳೆಯದೂ ಅಲ್ಲ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಐಕ್‌ಮನ್ ಎಂಬ ವೈದ್ಯರು, ಪಾಲಿಶ್ ಮಾಡಿದ ಬಿಳಿ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನೂ ತೌಡು ಉಳಿದ ಅಕ್ಕಿ ಕೊಟ್ಟಾಗ ಅವು ಚೇತರಿಸುವುದನ್ನೂ ಕಂಡರು. ಈ ಶೋಧದ ದಾರಿಯಲ್ಲೇ ‘ಬಿ’ ಜೀವಸತ್ವ ಪತ್ತೆಯಾಯಿತು. 1929ರಲ್ಲಿ ಅವರು ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಬಡವರ ಕುಚ್ಚಲಕ್ಕಿಯಲ್ಲಿ ಈ ಸತ್ವ ಹೆಚ್ಚು ಉಳಿಯುತ್ತದೆ.

ಹಾಗೆಂದು ಬಡತನವನ್ನು ಹೊಗಳಬೇಡಿ. ರುಚಿ ಬಂದದ್ದು ಬಡತನದಿಂದಲ್ಲ. ಹಿತ್ತಲು, ಕಾಡು ಮತ್ತು ಹೆಣ್ಣಿನ ದುಡಿಮೆಯಿಂದ. ತೋಟದ ಲೈನ್‌ಮನೆಯಲ್ಲಿದ್ದು ದಿನವಿಡೀ ಕೂಲಿ ಮಾಡುವ ತಾಯಿಗೆ ಸ್ವಂತ ಹಿತ್ತಲೂ ಇಲ್ಲ, ಕಣಿಲೆ ನೆನೆಸಿ ಕಾಯುವ ಬಿಡುವೂ ಇಲ್ಲ. ಅವಳ ಮಕ್ಕಳ ಹಸಿವಿಗೆ ಅಂಗಡಿಯ ಪೊಟ್ಟಣವೇ ಗತಿ. ಇವೆಲ್ಲ ಇಲ್ಲದ ಕಡೆ ಬಡತನವೆಂದರೆ ಬರೀ ಹಸಿವು.

ಈ ಮಳೆಗಾಲದಲ್ಲಿ ಪತ್ರೊಡೆ ಮಾಡಿದಾಗ ಅಂಥ ಒಂದು ಮನೆಗೂ ಒಂದು ತಟ್ಟೆ ಕಳುಹಿಸಿ. ಮಗಳಿಗೂ ಮಗನಿಗೂ ಈ ಅಡುಗೆ ಕಲಿಸಿ. ಮತ್ತು ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ಬದಲು, ನೀವೂ ಅವರೊಂದಿಗೇ ಬಿಸ್ಮಿಲ್ಲಾ ಹೇಳಿ ಕುಳಿತುಕೊಳ್ಳಿ.